ನಿಲ್ಲಿಸಿದವನ ಲಾರಿ

ಖಾಜಾಸಾಬಣ್ಣಾ, ನನ್ನ ಗಂಡನಿಗೆ ಗುದ್ದಿದ್ದು ನಿಮ್ಮ ಲಾರಿಯಲ್ಲ. ರಾಯಚೂರಿನ ಕೋರ್ಟಿನಲ್ಲಿ ನಿಮ್ಮತ್ತ ಬೆರಳು ತೋರಿಸಿ ನಾನು ಹೇಳಿದ್ದು ಸುಳ್ಳು — ಬಾಯಿ ತಪ್ಪಿ ಬಂದದ್ದಲ್ಲ, ತಿಳಿದೇ ಆಡಿದ್ದು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ಕಲ್ಲೂರಿನ ಹತ್ತಿರ ನನ್ನ ಗಂಡ ಕುರಿಗಳನ್ನು ರಸ್ತೆ ದಾಟಿಸುತ್ತಿದ್ದ. ಯಾವುದೋ ಲಾರಿ ಗುದ್ದಿ ನಿಲ್ಲದೆ ಹೋಯಿತು. ಹಿಂದೆ ಬಂದ ನೀವು ನಿಲ್ಲಿಸಿದಿರಿ. ಮಿಲ್ಲಿನ ಭತ್ತದ ಚೀಲಗಳ ಮೇಲೆ ಅವನನ್ನು ಮಲಗಿಸಿ, ನನ್ನನ್ನೂ ಹತ್ತಿಸಿಕೊಂಡು ದವಾಖಾನೆಗೆ ಓಡಿಸಿದಿರಿ. ಕಲ್ಮಲ ದಾಟುವಾಗ ಅವನ ಜೀವ ಹೋಯಿತು.

ವಕೀಲರ ಗುಮಾಸ್ತ ಹೇಳಿದ್ದು ಇಷ್ಟೇ: “ಗುದ್ದಿದ ಗಾಡಿ ಸಿಗಲಿಲ್ಲಂದ್ರ ಪರಿಹಾರ ಯಾರನ್ನ ಕೇಳ್ತೀಯವ್ವಾ? ಆ ಮಿಲ್ಲಿನ ಲಾರಿಗೆ ವಿಮಾ ಅದ. ಚೀಲದ ಮ್ಯಾಲ ರಕ್ತಾನೂ ಅದ.”

ಹೊಟ್ಟೆಯಲ್ಲೊಂದು, ಕಂಕುಳಲ್ಲೊಂದು ಮಗು. ಓಡಿಹೋದವನನ್ನು ಬಿಟ್ಟು ನಿಂತವನನ್ನು ಹಿಡಿಯುವ ಕಾನೂನು ಮಾಡಿದ್ದು ನಾನಲ್ಲ. ನನ್ನನ್ನು ಬೈಯುವವರು ಮೊದಲು ಅದನ್ನು ಬೈಯಲಿ. ಅದರ ಮುಂದೆ ಸುಳ್ಳಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಆದರೆ ನಿಮ್ಮ ಮುಂದೆ —

ನನ್ನ ಸಾಕ್ಷಿಯಿಂದ ನಿಮಗೆ ಜೈಲಾಯಿತು; ಬಿಟ್ಟ ದಿನ ನೀವು ನೇರ ನಮ್ಮ ಹಟ್ಟಿಗೆ ಬಂದಿರಿ. ಜಗಳವಾಡಲಿಲ್ಲ. ಹಿರಿಯರಿಗೆ ಹೇಳಿ ನಮ್ಮ ದೇವರು ಬೀರಪ್ಪನ ಭಂಡಾರದ ತಟ್ಟೆ ತರಿಸಿದಿರಿ. ಆ ಅರಿಶಿನ ಮುಟ್ಟಿ ಕುರುಬರು ಸುಳ್ಳಾಡುವುದಿಲ್ಲವೆಂದು ನಿಮಗೂ ಗೊತ್ತಿತ್ತು.

“ಇದನ್ನ ಮುಟ್ಟಿ ಅದೇ ಮಾತು ಹೇಳಬೇ ತಂಗಿ. ಗುದ್ದಿದಾಂವ ನಾನ ಅಂತ ಒಪ್ಕೊಂಡು ಹೋಗ್ತೀನಿ.”

“ಕೋರ್ಟಿನಾಗ ಹೇಳೀನಿ,” ಎಂದೆ. ಕೈ ಮಾತ್ರ ಮುಂದೆ ಹೋಗಲಿಲ್ಲ. ನೋಡಿದವರಿಗೆಲ್ಲ ತಿಳಿಯಿತು. ಒಬ್ಬರೂ ಬಾಯಿ ಬಿಡಲಿಲ್ಲ — ನಾನು ಅವರವಳು, ನೀವು ಹೊರಗಿನವರು. ತಟ್ಟೆಯ ಮೇಲೆ ನೀವೇ ಬಟ್ಟೆ ಮುಚ್ಚಿ ಎದ್ದು ಹೋದಿರಿ. ಮಿಲ್ಲಿನವರು ಮತ್ತೆ ನಿಮಗೆ ಲಾರಿ ಕೊಡಲಿಲ್ಲ. ಮಾನ್ವಿಯ ಸಂತೆಯಲ್ಲಿ ನೀವು ಹಮಾಲಿ ಮಾಡುವುದನ್ನು ಕಂಡು ನಾನು ದಾರಿ ಬದಲಿಸಿದ್ದೇನೆ.

ಆ ಪರಿಹಾರದಲ್ಲಿ ಮಕ್ಕಳು ಬೆಳೆದರು. ಅಂದು ಕಂಕುಳಲ್ಲಿದ್ದವಳು ಈಗ ಏಳನೆಯ ತರಗತಿ; ಇದನ್ನು ಬರೆಯುತ್ತಿರುವವಳು ಅವಳೇ. ಅಳುತ್ತಿದ್ದಾಳೆ. ಬರೆಯಲಿ.

ಹೋದ ವಾರ ಅದೇ ರಸ್ತೆಯಲ್ಲಿ ನಮ್ಮ ಹಟ್ಟಿಯ ಮುದುಕಿಗೆ ಜೀಪು ಬಡಿದು ಹೋಯಿತು. ನಾನು ಕೈ ಅಡ್ಡ ಹಿಡಿದು ನಿಂತೆ. ಮೂರು ಲಾರಿಗಳು ನಿಲ್ಲಲಿಲ್ಲ. ನಾಲ್ಕನೆಯವನು ವೇಗ ತಗ್ಗಿಸಿ, ಕಿಟಕಿಯಿಂದಲೇ ಹೇಳಿದ:

“ಈ ಹಟ್ಟಿ ಮುಂದ ಯಾರೂ ನಿಲ್ಲಸಂಗಿಲ್ರಿ.”

ಮುದುಕಿ ನನ್ನ ತೊಡೆಯ ಮೇಲೇ ಸತ್ತಳು.

ಬರುವ ಭಾನುವಾರ ಹಿರಿಯರು ಕೂಡುತ್ತಾರೆ. ನೀವು ಬಂದರೂ ಸರಿ, ಬರದಿದ್ದರೂ ಸರಿ. ಪೊಲೀಸರು ಬಂದರೂ ಸರಿ. ಆ ತಟ್ಟೆಯ ಬಟ್ಟೆ ನಾನೇ ತೆಗೆದು, ಭಂಡಾರ ಮುಟ್ಟಿ, ನಿಮ್ಮ ಹೆಸರು ಹೇಳುತ್ತೇನೆ — ನಿಲ್ಲಿಸಿದವರು ನೀವೊಬ್ಬರೇ ಎಂದು.