ಕಟ್ಟು ಬಿಚ್ಚಿದ ದಿನ

ಚಾಂಪಿಯನ್ ಆದಮೇಲೆ ನನ್ನ ತಮ್ಮ ಓಕಾಂತೆಗೆ ಕೊಬ್ಬು ಏರಿತು ಎಂದು ಹೇಳುವವರು ಅಕ್ರಾದ ನಮ್ಮ ಕಡಲಕೇರಿ ಬುಕೊಮ್‌ನಲ್ಲಿ ಇವತ್ತಿಗೂ ಒಂದಿಬ್ಬರು ಇದ್ದಾರೆ. ಅವರ ಬಾಯಿಗೆ ಹುಳ ಬೀಳಲಿ. ನಡೆದದ್ದೇನು ಎಂದು ನನಗೆ ಗೊತ್ತು, ಡೋಲಿನ ಸೋವಾನಿಗೆ ಗೊತ್ತು. ಗರಡಿಯ ಅಟಾ ಲೊಮೊಟೆಯವರಿಗೂ ಗೊತ್ತಿತ್ತು, ಅವರು ತೀರಿಕೊಂಡರು. ಹಾಗಾಗಿ ನಾನೇ ಹೇಳಬೇಕು. ನಾನು ಡೆಡೆ, ಓಕಾಂತೆಯ ಅಕ್ಕ. ಸಮುದ್ರಕ್ಕೆ ಇಳಿಯುವ ಓಣಿಯಲ್ಲಿ ಮುಸುಕಿನ ಜೋಳದ ಹಿಟ್ಟನ್ನು ಹುಳಿ ಬರಿಸಿ, ಉಂಡೆ ಕಟ್ಟಿ, ಅದರದೇ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ ಮಾರುತ್ತೇನೆ. ನನ್ನ ಈ ಕೊಮಿ ಉಂಡೆ ತಿನ್ನದ ಬಾಕ್ಸರ್ ಈ ಊರಲ್ಲಿ ಇಲ್ಲ.

ನಮ್ಮ ಕಡೆ ಮಕ್ಕಳು ನಡೆಯಲು ಕಲಿತ ಮೇಲೆ ಗುದ್ದಲು ಕಲಿಯುತ್ತವೆ. ಭಾನುವಾರ ಮಧ್ಯಾಹ್ನ ಮರಳಿನ ಮೇಲೆ ಓಣಿಗೂ ಓಣಿಗೂ ಬರಿಗೈಯ ಕಾಳಗ. ಓಕಾಂತೆ ಕಡ್ಡಿಪೈಲ್ವಾನ. ಆದರೆ ಅವನ ಗೆಳೆಯ ಸೋವಾ ಡೋಲು ಹಿಡಿದು ಕೂತರೆ ಸಾಕು, ಇವನ ಕಾಲು ತಾಳಕ್ಕೆ ಬೀಳುತ್ತಿತ್ತು, ಕೈ ತಾಳಕ್ಕೆ ಏಳುತ್ತಿತ್ತು. ಎದುರಿಗಿದ್ದವನಿಗೆ ಗುದ್ದು ಎಲ್ಲಿಂದ ಬಂತೆಂದೇ ತಿಳಿಯುತ್ತಿರಲಿಲ್ಲ. "ಇವನು ಜಗಳ ಆಡ್ತಾನೋ ಮದುವೆ ಮನೇಲಿ ಕುಣೀತಾನೋ?" ಎಂದು ಹೆಂಗಸರು ನಗುತ್ತಿದ್ದರು. ನಮ್ಮವ್ವ ಮಾತ್ರ ನಗುತ್ತಿರಲಿಲ್ಲ. ಸಾಯುವ ಮುಂಚೆ ನನ್ನ ಕೈ ಹಿಡಿದುಕೊಂಡು, "ಅವನು ಬಿಡೋನಲ್ಲ. ನೀನಾದ್ರೂ ನೋಡ್ಕೊ. ಅವನ ಕಣ್ಣು, ಕಿವಿ, ಕೈಕಾಲು ನಾನು ಹೆತ್ತ ಹಾಗೇ ಇರ್ಬೇಕು" ಎಂದಳು. ಆಗಲವ್ವ ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ.

ಹನ್ನೆರಡನೇ ವಯಸ್ಸಿಗೆ ಅವನನ್ನು ಅಟಾ ಲೊಮೊಟೆಯವರ ಗರಡಿಗೆ ನಾನೇ ಕರೆದುಕೊಂಡು ಹೋದೆ. ಹೇಗೂ ಹೊಡೆದಾಡುತ್ತಾನೆ, ತಿಳಿದವರ ಕೈಕೆಳಗಾದರೂ ಹೊಡೆದಾಡಲಿ ಎಂದು. ಅಟಾ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏನಮ್ಮ ಡೆಡೆ, ಮೀನಿನ ಮುಳ್ಳು ತಂದಿದೀಯಲ್ಲ?"

"ಮುಳ್ಳೇ ಅಟಾ. ಗಂಟಲಿಗೆ ಸಿಕ್ಕಿಕೊಂಡ್ರೆ ಗೊತ್ತಾಗತ್ತೆ."

ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು, ಹಗ್ಗ ಹಾರಲು ಕಳಿಸಿದರು. ಆಮೇಲಿನದು ಊರಿಗೇ ಗೊತ್ತು. ಹದಿನೆಂಟಕ್ಕೆ ಅಕ್ರಾದ ಅಮೆಚೂರ್‌ಗಳಲ್ಲಿ ಅವನ ತೂಕಕ್ಕೆ ಅವನೇ ಮೊದಲಿಗ. ಹತ್ತೊಂಬತ್ತಕ್ಕೆ ದೇಶದ ತಂಡದ ಆಯ್ಕೆ. ಆ ಆಯ್ಕೆಯ ಪಂದ್ಯದಲ್ಲೇ ಒಬ್ಬ ಗ್ಲೌಸಿನೊಳಗಿನ ಮುಷ್ಟಿ ಬಿಡಿಸಿ, ಅಂಗೈಯಿಂದ ಎಡಗಿವಿಯ ಮೇಲೆ ಛಟ್ಟನೆ ಬಾರಿಸಿದ. ಪಂದ್ಯ ಓಕಾಂತೆಯೇ ಗೆದ್ದ. ಮನೆಗೆ ಬಂದಾಗ ಕಿವಿಯಿಂದ ನೀರು ಸೋರುತ್ತಿತ್ತು. ನಾನು ಮೂರ್ಖೆ, ತಾಳೆ ಬೀಜದ ಎಣ್ಣೆ ಬಿಸಿ ಮಾಡಿ ಹುಯ್ದೆ. ಕೀವಾಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ ಕಿವಿ ಸತ್ತಿತ್ತು. ಡಾಕ್ಟರು ಬಲಗಿವಿಯನ್ನೂ ನೋಡಿದರು. "ಇದೂ ಗಟ್ಟಿಯಿಲ್ಲ. ಇದು ಹೋದ್ರೆ ಪೂರ್ತಿ ಹೋಯ್ತು ಅಂತ ತಿಳ್ಕೊಳ್ಳಿ" ಎಂದರು.

ಮೂರು ದಿನ ಅವನ ಜೊತೆ ಜಗಳವಾಡಿದೆ. ಗ್ಲೌಸು ತೆಗೆದು ಒಲೆಗೆ ಹಾಕಲು ಹೋದೆ. ಅವನು ಗಲಾಟೆ ಮಾಡಲಿಲ್ಲ, ಒಲೆಯ ಮುಂದೆ ಕೂತು ನನ್ನ ಹಳೆಯ ಸುತ್ತುಬಟ್ಟೆಯ ತುದಿ ಹಿಡಿದುಕೊಂಡ.

"ಅಕ್ಕ, ಒಂದೇ ಒಂದು ಬೆಲ್ಟು. ಆಫ್ರಿಕಾ ಬೆಲ್ಟು. ಸೊಂಟಕ್ಕೆ ಕಟ್ಕೊಂಡು, ಸೋವಾನ ಡೋಲಿಗೆ ಈ ಓಣೀಲಿ ಒಂದ್ಸಲ ಕುಣೀತೀನಿ. ಆಮೇಲೆ ಗ್ಲೌಸು ನೀನೇ ಸುಟ್ಟುಬಿಡು."

"ಕಿವಿ?"

"ಒಂದು ಸಾಕಲ್ಲ ಅಕ್ಕ. ನಿನ್ನ ಬೈಗುಳ ಕೇಳೋಕೆ ಒಂದೇ ಜಾಸ್ತಿ."

ಅವತ್ತಿನಿಂದ ಊರವರು ಅವನನ್ನು ಒಂಟಿಕಿವಿ ಎಂದು ಕರೆದರು, ಅವನೂ ನಕ್ಕ. ಅವನ ಪ್ರತಿ ಪಂದ್ಯದ ಮರುದಿನ ನಾನು ಒಂದು ಪರೀಕ್ಷೆ ಮಾಡುತ್ತಿದ್ದೆ. ಅವನು ಉಣ್ಣುವಾಗ ಹಿಂದಿನಿಂದ ಹೋಗಿ ಬಲಗಿವಿಯ ಬಳಿ ಪಿಸುಗುಡುವುದು: "ಖಾರ ಬೇಕಾ?" ಅವನು ತಿರುಗದೆಯೇ, "ಹಾಕು, ಕಂಜೂಸ್" ಎನ್ನುತ್ತಿದ್ದ. ನನ್ನ ಉಸಿರು ಆಗ ವಾಪಸು ಬರುತ್ತಿತ್ತು. ಪ್ರೊಫೆಷನಲ್ ಆಗಿ ಹದಿನಾರು ಪಂದ್ಯ ಆಡಿದ, ಹದಿನೈದು ಗೆದ್ದ, ದೇಶದ ಪಟ್ಟ ಗೆದ್ದ. ಹದಿನಾರು ಸಲ ಪಿಸುಗುಟ್ಟಿದೆ, ಹದಿನಾರು ಸಲವೂ ಬೈಸಿಕೊಂಡೆ. ಕೆಲವೊಮ್ಮೆ ಬಾಯಿಯನ್ನು ಕಿವಿಗೇ ಹಚ್ಚಿ ಪಿಸುಗುಡಬೇಕಿತ್ತು, ವಾರಗಟ್ಟಲೆ ಕಿವಿ ಗುಂಯ್‌ಗುಟ್ಟಿ ಮಂಕಾಗುತ್ತಿತ್ತು, ಆಮೇಲೆ ಸರಿಹೋಗುತ್ತಿತ್ತು.

ಕೊನೆಗೆ ಆ ಬೆಲ್ಟಿನ ಪಂದ್ಯ ಬಂತು. ಎದುರಾಳಿ ಲಾಗೋಸಿನ ಅಜಾಲಾ ಎಂಬ ಎತ್ತು. ಪಂದ್ಯ ಇಟ್ಟುಕೊಂಡದ್ದು ಮೇ ತಿಂಗಳಲ್ಲಿ, ಡೋಲಿಗೆ ಕಟ್ಟು ಬಿದ್ದ ಹತ್ತನೇ ದಿನ. ನಮ್ಮ ಗಾ ಜನರ ನೆಲದಲ್ಲಿ ದೇವರ ಹೊಲ ಬಿತ್ತಿದ ಮೇಲೆ ಮೂವತ್ತು ದಿನ ಸದ್ದು ಮಾಡುವಂತಿಲ್ಲ. ಡೋಲಿಲ್ಲ, ಹಾಡಿಲ್ಲ, ಕುಣಿತವಿಲ್ಲ, ಸತ್ತವರ ಮನೆಯಲ್ಲೂ ಗೋಳಾಡುವಂತಿಲ್ಲ. ಮೂವತ್ತನೇ ದಿನ ಪಕ್ಕದ ಗ್ಬೆಸೆ ಕೇರಿಯ ಅರಸರು ಒಡಾಡಾ ನಗಾರಿಗೆ ಕೋಲು ಹಾಕಿದರೆ ಕಟ್ಟು ಬಿಚ್ಚಿತು ಎಂದು ಅರ್ಥ. ಹಾಗಾಗಿ ಪಂದ್ಯವನ್ನು ಕುಮಾಸಿಯಲ್ಲಿ ಇಟ್ಟರು. ಅದು ಅಶಾಂತಿಯವರ ನೆಲ, ಅಲ್ಲಿ ನಮ್ಮ ಕಟ್ಟು ನಡೆಯುವುದಿಲ್ಲ. ಸೋವಾ ಡೋಲಿನ ತಂಡವನ್ನೇ ಬಸ್ಸಿಗೆ ಹೇರಿದ. ನಾನೂ ಹತ್ತಿದೆ.

ಒಂಬತ್ತು ರೌಂಡು ಓಕಾಂತೆ ಕುಣಿದ. ನಿಜವಾಗಿ ಕುಣಿದ, ಆ ಎತ್ತು ಗಾಳಿಗೆ ಗುದ್ದಿತು. ಹತ್ತನೇ ರೌಂಡಿನ ನಡುವೆ ಅಜಾಲಾನ ಎಡಗೈ ಬೀಸಿ ಬಂದು ಬಲಗಿವಿಯ ಮೇಲೆ ಕೂತಿತು. ಓಕಾಂತೆ ಬೀಳಲಿಲ್ಲ. ಆದರೆ ತಾಳ ತಪ್ಪಿದ. ಬೇರೆ ಯಾರಿಗೂ ತಿಳಿಯಲಿಲ್ಲ, ನನಗೂ ಸೋವಾನಿಗೂ ತಿಳಿಯಿತು. ಗಂಟೆ ಹೊಡೆದು ಅವನು ಮೂಲೆಗೆ ಬಂದಾಗ ಅಟಾ ಅವನ ತಲೆ ಹಿಡಿದು ನೋಡಿದರು. ಆಮೇಲೆ ಸೋಲೊಪ್ಪಿ ಒಳಗೆಸೆಯುವ ಟವೆಲ್ ಕೈಗೆ ತೆಗೆದುಕೊಂಡು ಹಗ್ಗದ ಮೇಲಿಂದ ನನ್ನ ಕಡೆ ತಿರುಗಿದರು.

"ಡೆಡೆ, ಕಿವಿ ಊದ್ತಾ ಇದೆ. ನಿಲ್ಲಿಸಲಾ? ಹೇಳು ಬೇಗ!"

ನನ್ನನ್ನು ಕೇಳಿದರು. ಅವನನ್ನಲ್ಲ, ನನ್ನನ್ನು. ಉಳಿದಿದ್ದು ಎರಡೇ ರೌಂಡು, ಮುಂದಿದ್ದವನು ಇವನೇ. ಓಕಾಂತೆ ನನ್ನ ಮುಖವನ್ನೇ ನೋಡುತ್ತಿದ್ದ, ಅವತ್ತು ಒಲೆಯ ಮುಂದೆ ನೋಡಿದ ಹಾಗೆ. ಎರಡು ರೌಂಡು ತಾನೇ, ಇಲ್ಲಿಗೆ ಮುಗಿಯುತ್ತದಲ್ಲ, ಮತ್ತೆ ಯಾವತ್ತೂ ಇಲ್ಲವಲ್ಲ ಎಂದುಕೊಂಡೆ. ಬೇಡ ಎಂದು ತಲೆಯಾಡಿಸಿದೆ. ಅಟಾ ಟವೆಲ್ ಹೆಗಲಿಗೆ ಹಾಕಿಕೊಂಡರು. ಆ ಎರಡು ರೌಂಡಿನಲ್ಲಿ ಆ ಕಿವಿಯ ಮೇಲೆ ಇನ್ನೆಷ್ಟು ಬಿತ್ತೋ, ನಾನು ಎಣಿಸಲಿಲ್ಲ. ಕೊನೆಗೆ ರೆಫ್ರಿ ಎತ್ತಿದ್ದು ನನ್ನ ತಮ್ಮನ ಕೈ.

ವಾಪಸು ಬರುವಾಗ ಬಸ್ಸು ಮುರಿದು ಬೀಳುವ ಹಾಗೆ ಹುಡುಗರು ಬಾರಿಸಿದರು. ಓಕಾಂತೆ ಬೆಲ್ಟನ್ನು ಅಪ್ಪಿಕೊಂಡು ನಿದ್ದೆ ಹೋಗಿದ್ದ. ಅಮಸಮಾನ್ ದಾಟುವಾಗ ಅಟಾ ಎದ್ದು ನಿಂತು ಗದರಿದರು: "ಏಯ್, ನಿಲ್ಲಿಸ್ರೋ! ನಮ್ಮ ನೆಲ ಬಂತು. ದಂಡ ತೆರೋಕೆ ಕುರಿ ಇದೆಯೇನ್ರೋ ನಿಮ್ಮಪ್ಪನ ಮನೇಲಿ?" ಡೋಲು ನಿಂತವು. ಸ್ವಲ್ಪ ಹೊತ್ತಿಗೆ ಓಕಾಂತೆ ಎಚ್ಚರಗೊಂಡು ಸುತ್ತ ನೋಡಿದ. ಎಲ್ಲರೂ ಬಾಯಿ ಮುಚ್ಚಿ ಕೂತಿದ್ದರು.

"ಅಕ್ರಾ ಬಂತಾ ಅಕ್ಕ? ಕಟ್ಟು ಅಂತ ಸುಮ್ನಾದ್ರಾ?"

ಹೂಂ ಎಂದು ತಲೆಯಾಡಿಸಿದೆ. ಅವನು ಮತ್ತೆ ಕಣ್ಣು ಮುಚ್ಚಿದ.

ಬುಕೊಮ್ ಅವನನ್ನು ಕೈಬೀಸಿ ಬರಮಾಡಿಕೊಂಡಿತು, ಬಾಯಲ್ಲಿ ಅಲ್ಲ. ಮೆರವಣಿಗೆ ಕಟ್ಟು ಬಿಚ್ಚಿದ ದಿನ ಎಂದು ಹಿರಿಯರು ಹೇಳಿದರು. ಅಲ್ಲಿಯವರೆಗೆ ಅವನು ಮನೆಯಲ್ಲೇ ಇದ್ದ. ಮುಖ ಊದಿ ಕುಂಬಳಕಾಯಿ ಆಗಿತ್ತು, ತುಟಿಗೆ ಹೊಲಿಗೆ ಬಿದ್ದಿತ್ತು, ಮಾತು ಕಡಿಮೆ. "ಕಿವಿ ಗುಂಯ್ ಅಂತಿದೆ, ಯಾವಾಗಿನ ಹಾಗೆ ಬಿಡತ್ತೆ" ಎಂದಿದ್ದ. ಎಡಗಿವಿಯ ದೆಸೆಯಿಂದ ನಾನು ಮೊದಲಿಂದಲೂ ಅವನ ಮುಂದೆ ನಿಂತು, ಗಂಟಲು ಹರಿದುಕೊಂಡು ಮಾತಾಡಿ ರೂಢಿ. ಅವನು ನನ್ನ ಬಾಯಿ ನೋಡುತ್ತಿದ್ದ, ತಲೆಯಾಡಿಸುತ್ತಿದ್ದ. ಒಂದು ದಿನ, "ಮೀನು ಹಾಕ್ಲಾ?" ಎಂದರೆ, "ಅಟಾಗೆ ನಾಳೆ ಬರ್ತೀನಿ ಅನ್ನು" ಎಂದ. ಇನ್ನೊಂದು ದಿನ ಬಾಗಿಲಲ್ಲಿ ಕೂತು ಓಣಿಯನ್ನು ನೋಡುತ್ತ, "ಈ ವರ್ಷ ಕಟ್ಟು ಚೆನ್ನಾಗಿ ನಡೆಸ್ತಿದಾರೆ ಅಕ್ಕ. ಮಕ್ಕಳೂ ಚೀರ್ತಿಲ್ಲ" ಎಂದು ನಕ್ಕ. ಅವನೆದುರಿಗೇ ಮಕ್ಕಳು ತೊಟ್ಟಿಯ ನೀರಿಗೆ ಕಿತ್ತಾಡುತ್ತಿದ್ದವು.

ಪಿಸುಗುಡುವ ಪರೀಕ್ಷೆಯನ್ನು ಆ ಸಲ ನಾನು ಮಾಡಲಿಲ್ಲ. ಮರೆತೆನೇ? ಇಲ್ಲ. ಎರಡು ಸಲ ಅವನ ಬೆನ್ನ ಹಿಂದೆ ಹೋಗಿ ನಿಂತು ವಾಪಸು ಬಂದೆ. ಹಿಂದಿನ ಹಾಗೆ ಮಂಕು ಬಿಡುತ್ತದೆ, ಕಟ್ಟು ಬಿಚ್ಚುವ ಹೊತ್ತಿಗೆ ಸರಿಹೋಗುತ್ತದೆ ಎಂದುಕೊಂಡೆ. ಅವತ್ತು ನಿಲ್ಲಿಸಬೇಡಿ ಎಂದು ತಲೆಯಾಡಿಸಿದವಳು ನಾನಲ್ಲವೇ. ನನಗೆ ಭಯ.

ಅಷ್ಟರಲ್ಲಿ ಊರಿನ ಬಾಯಿ ಶುರುವಾಗಿತ್ತು. ನಮ್ಮಲ್ಲಿ ನಮಸ್ಕಾರಕ್ಕೆ ಮರುನಮಸ್ಕಾರ ಹೇಳದಿದ್ದರೆ ಮುಖಕ್ಕೆ ಉಗಿದ ಹಾಗೆ. ಮೀನು ಸುಡುವ ಕೊರ್ಕೊಯ್ ನನ್ನ ಒಲೆಯ ಹತ್ತಿರ ಬಂದು ಸೊಂಟಕ್ಕೆ ಕೈಯಿಟ್ಟಳು.

"ಬೆನ್ನಹಿಂದೆ ಮೂರು ಸಲ ಕೂಗಿದೆ ನಿನ್ನ ತಮ್ಮನ್ನ. ತಿರುಗಿ ನೋಡಿದ್ನಾ? ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ಕೊಂಡ್ನಂತೆ!"

"ಹೋಗೇ, ನಿನ್ನ ಹೊಗೆ ವಾಸನೆಗೆ ಯಾರು ತಿರುಗ್ತಾರೆ!" ಎಂದೆ. ಸೌಟು ಎತ್ತಿದ್ದೆ, ಕಟ್ಟು ನೆನಪಾಗಿ ಇಳಿಸಿದೆ.

ಮೂವತ್ತನೇ ದಿನ ಬಂತು. ಬೆಳಿಗ್ಗೆಯೇ ಓಕಾಂತೆ ಮಿಂದು, ಬಿಳಿ ಬಟ್ಟೆ ಹೊದ್ದು, ಬೆಲ್ಟನ್ನು ಸೊಂಟಕ್ಕೆ ಬಿಗಿದುಕೊಂಡು ಒಳಕೋಣೆಯ ಸ್ಟೂಲಿನ ಮೇಲೆ ಕೂತ. ಮೊದಲ ನಗಾರಿ ಕೇಳಿದ ಕೂಡಲೇ ಹೊರಗೆ ಬರುವುದು, ಸೋವಾ ಓಣಿಯ ತಲೆಯಿಂದ ಬಾರಿಸುತ್ತ ಬರುವುದು, ಹೀಗೆ ಮಾತಾಗಿತ್ತು. ಓಣಿ ತುಂಬ ಜನ. ಮಧ್ಯಾಹ್ನ ಗ್ಬೆಸೆ ಕಡೆಯಿಂದ ಒಡಾಡಾ ನಗಾರಿ ಗುಡುಗಿತು. ಒಂದು, ಎರಡು, ಮೂರು. ಆಮೇಲೆ ಊರಿಗೆ ಊರೇ ಹುಚ್ಚೆದ್ದಿತು. ಡೋಲು, ಡಬ್ಬ, ಕಾರಿನ ಹಾರ್ನು, ಹೆಂಗಸರ ಕೇಕೆ, ಮೂವತ್ತು ದಿನ ಕಟ್ಟಿಕೊಂಡದ್ದೆಲ್ಲ ಒಟ್ಟಿಗೆ. ಎಲ್ಲರೂ ನಮ್ಮ ಬಾಗಿಲು ನೋಡಿದರು. ಬಾಗಿಲಿಗೆ ಯಾರೂ ಬರಲಿಲ್ಲ.

"ದೊರೆಗಳನ್ನ ಪಲ್ಲಕ್ಕೀಲಿ ಕರೀಬೇಕೇನೋ!" ಎಂದು ಕೊರ್ಕೊಯ್ ಕೂಗಿದಳು. ಜನ ನಕ್ಕರು.

ನಾನು ಒಳಗೆ ಹೋದೆ. ಗೋಡೆ ಅದುರುತ್ತಿತ್ತು. ಓಕಾಂತೆ ಬೆಲ್ಟಿನ ಹಿತ್ತಾಳೆಯನ್ನು ಅಂಗೈಯಿಂದ ಉಜ್ಜುತ್ತ ಕೂತಿದ್ದ. ನನ್ನನ್ನು ಕಂಡು ತಲೆಯೆತ್ತಿದ.

"ಏನಕ್ಕ, ಅರಸರು ಇವತ್ತು ನಿದ್ದೆ ಮಾಡಿಬಿಟ್ರಾ? ಇನ್ನೂ ಹೊಡೀಲಿಲ್ಲ?"

ಅಯ್ಯೋ ದೇವರೇ! ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ, ಒಂದೊಂದೇ ಅಕ್ಷರ ಹೇಳಿದೆ: "ಹೊಡೆದಾಯ್ತು ಕಂದಾ."

ಅವನು ನನ್ನ ತುಟಿಯನ್ನು ನೋಡಿದ. ನಕ್ಕ. "ಸುಮ್ನಿರು ಅಕ್ಕ" ಎಂದ. ಅಷ್ಟರಲ್ಲಿ ಕಾದು ಸಾಕಾದ ಸೋವಾ ಡೋಲು ಬಾರಿಸುತ್ತಲೇ ಒಳಗೆ ನುಗ್ಗಿದ, ಹಿಂದೆ ನಾಲ್ಕು ಜನ. ಆ ಚಿಕ್ಕ ಕೋಣೆಯಲ್ಲಿ ನನ್ನ ಎದೆ ಒಡೆಯುವಷ್ಟು ಸದ್ದು. ಓಕಾಂತೆ ಸೋವಾನ ಕೈಗಳನ್ನು ನೋಡಿದ. ಚರ್ಮದ ಮೇಲೆ ಬೀಳುವುದು, ಏಳುವುದು, ಬೀಳುವುದು. ಬಹಳ ಹೊತ್ತು ನೋಡಿದ. ಅವನ ಮುಖದ ನಗು ಹಾಗೇ ನಿಂತಿತ್ತು, ಅದನ್ನು ಇಳಿಸಲು ಅವನಿಗೆ ತೋಚಲಿಲ್ಲ.

"ಜೋರಾಗಿ ಹೊಡಿಯೋ ಸೋವಾ" ಎಂದ.

ಸೋವಾ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಹಲ್ಲು ಕಚ್ಚಿ ಹೊಡೆದ.

"ಇನ್ನೂ ಜೋರಾಗಿ ಕಣೋ!"

ಸೋವಾ ಅಳುತ್ತ ಬಾರಿಸಿದ. ಡೋಲಿನ ಮೇಲೆ ರಕ್ತದ ಕಲೆ ಬಿತ್ತು. ಓಕಾಂತೆ ಎದ್ದು ನಿಂತ, ಬಟ್ಟೆ ಸರಿಮಾಡಿಕೊಂಡ, ನನಗೆ ಮಾತು ಕೊಟ್ಟ ಹಾಗೆ ಹೊರಗೆ ಬಂದು ಓಣಿಯಲ್ಲಿ ಕುಣಿದ. ಕಾಲು ಒಂದು ಕಡೆ, ಡೋಲು ಒಂದು ಕಡೆ. ಬುಕೊಮ್‌ನಲ್ಲಿ ತಾಳ ತಪ್ಪಿ ಕುಣಿದವನನ್ನು ಊರು ಸಾಯುವತನಕ ಆಡಿಕೊಳ್ಳುತ್ತದೆ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಕೊರ್ಕೊಯ್ ಬಾಯಿಗೆ ಸುತ್ತುಬಟ್ಟೆಯ ತುದಿ ಒತ್ತಿಕೊಂಡಳು, ಒಬ್ಬೊಬ್ಬರೇ ಸುಮ್ಮನಾದರು. ಅವನು ಓಣಿಯ ಕೊನೆಯವರೆಗೂ ಕುಣಿದುಕೊಂಡು ಹೋದ, ನಾನು ಅವನ ಹಿಂದೆ ಹೋದೆ.