ಅಪ್ಪ ನೋಡಿದ ಗಂಡುಗಳು

ಅಪ್ಪ ನನಗೆ ಹತ್ತು ಹನ್ನೆರಡು ಊರುಗಳಲ್ಲಿ ಗಂಡು ನೋಡಿದ್ದ. ಎಲ್ಲವೂ ಶುದ್ಧ ಸುಳ್ಳು.

ಅವನು ಹುಬ್ಬಳ್ಳಿಯಿಂದ ಪ್ರವಾಸಿಗರನ್ನು ಕರೆದೊಯ್ಯುವ ಮಿನಿಬಸ್ಸಿನ ಡ್ರೈವರ್. ಬಾದಾಮಿ, ಐಹೊಳೆ ಕಡೆ ಹೋಗುವಾಗ ಊಟಕ್ಕೆ ಯಾವುದಾದರೂ ಹಳ್ಳಿಯ ಮರದ ನೆರಳಿಗೆ ಬಸ್ಸು ನಿಲ್ಲಿಸುತ್ತಿದ್ದ. ಬಾಗಿಲು ತೆರೆಯುವ ಮೊದಲು ಎದ್ದು ನಿಂತು, ಹಿಂದಕ್ಕೆ ತಿರುಗಿ ಕೈ ಮುಗಿಯುತ್ತಿದ್ದ.

"ಈ ಊರಾಗ ನನ್ನ ಮಗಳಿಗೆ ಮನಿ ನೋಡೇನ್ರಿ. ಮಾತುಕತಿ ನಡದೈತಿ. ನೀವು ಕಸಾ ಚೆಲ್ಲಿ ಹ್ವಾದ್ರ, ಎಂಥಾ ಮಂದೀನ್ನ ಕಟಗೊಂಡು ಬರ್ತಾನಪಾ ಇಂವಾ ಅಂತಾರ್ರಿ."

ಕಾಲೇಜಿನ ರಜೆಯಲ್ಲಿ ನಾನೂ ಮುಂದಿನ ಸೀಟಿನಲ್ಲಿರುತ್ತಿದ್ದೆ. ಬಸ್ಸಿಗೆ ಬಸ್ಸೇ ನನ್ನತ್ತ ನೋಡುತ್ತಿತ್ತು. ಆಮೇಲೆ ಅವರೆಲ್ಲ ಹೆಣ್ಣಿನ ಕಡೆಯವರಾಗಿಬಿಡುತ್ತಿದ್ದರು. ಉಂಡ ಎಲೆ ಮಡಚಿ ಚೀಲಕ್ಕೆ ಹಾಕುತ್ತಿದ್ದರು, ಹಾಡಿನ ಸದ್ದು ತಗ್ಗಿಸುತ್ತಿದ್ದರು, ಬಂಡೆಯ ಮೇಲೆ ಹೆಸರು ಗೀಚಲು ಹೊರಟವನನ್ನು ಅವನ ಹೆಂಡತಿಯೇ ಗದರಿಸುತ್ತಿದ್ದಳು. ದಂಡದ ಬೋರ್ಡು ಪಕ್ಕದಲ್ಲೇ ಇರುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ನನಗೋ ಮೈಯೆಲ್ಲ ಉರಿ. ಅಮರಗೋಳದ ಮನೆಗೆ ಬಂದು ಜಗಳ ತೆಗೆಯುತ್ತಿದ್ದೆ. "ಎಷ್ಟ ಊರಾಗ ಲಗ್ನಾ ಮಾಡ್ತೀ ನಂದು?"

"ಬೋರ್ಡ್ ನೋಡಿ ಯಾರು ಅಂಜತಾರವಾ? ಹುಡುಗಿ ಲಗ್ನ ಅಂದ್ರ ಎಲ್ಲಾರೂ ಮೆತ್ತಗ ಆಗ್ತಾರ," ಎಂದು ನಗುತ್ತಿದ್ದ. ತಾಯಿ ಇಲ್ಲದ ಮನೆಯಲ್ಲಿ ನಮ್ಮಿಬ್ಬರದೇ ಸಂಸಾರ, ನಮ್ಮಿಬ್ಬರದೇ ಜಗಳ.

ಅವನು ಹೋಗಿ ಮೂರು ವರ್ಷವಾಯಿತು. ನನಗೆ ನಲವತ್ತು ದಾಟಿದೆ. ನಿಜದ ಗಂಡುಗಳು ಬಂದವು, ಹೋದವು, ಯಾವುದೂ ಕೂಡಿಬರಲಿಲ್ಲ. ನನಗೆ ಅದರ ದುಃಖವಿಲ್ಲ. ಸಂಜೆ ಬೀಗ ತೆಗೆಯುವಾಗ ಒಳಗಿನಿಂದ ಅವನ ಕೆಮ್ಮು ಕೇಳುವುದಿಲ್ಲವಲ್ಲ, ಅದೊಂದನ್ನು ಇಂದಿಗೂ ತಡೆಯಲಾಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ತಾರಿಹಾಳದ ನಮ್ಮ ಕಾರ್ಖಾನೆಯವರೆಲ್ಲ ಬಾದಾಮಿಗೆ ಹೋಗಿದ್ದೆವು. ಮರಳುವಾಗ ಊಟಕ್ಕೆ ಬಸ್ಸು ನಿಂತದ್ದು ಅಪ್ಪ ನಿಲ್ಲಿಸುತ್ತಿದ್ದ ಹಳ್ಳಿಯೊಂದರಲ್ಲೇ. ಉಂಡಾದ ಮೇಲೆ ಪ್ಲಾಸ್ಟಿಕ್ ತಟ್ಟೆಗಳು ಗಾಳಿಗೆ ಹಾರತೊಡಗಿದವು. ನಾನು ಕೂಗಾಡಿದೆ. "ಎಲ್ಲಾರೂ ಒಗದಾರ್ರೀ ಅಕ್ಕಾರ, ನಮ್ದೊಂದ ಏನು?" ಎಂದರು. ಅಷ್ಟರಲ್ಲಿ ಎದುರು ಮನೆಯ ಮುದುಕಿ ಕಸಬರಿಗೆ ಹಿಡಿದು ಹೊರಬಂದಳು. ನನಗೆ ಮುಖ ತೋರಿಸಲಾಗಲಿಲ್ಲ. ಖಾಲಿ ಚೀಲ ಹಿಡಿದು ತಟ್ಟೆ ಆರಿಸತೊಡಗಿದೆ.

"ತಪ್ಪಾತ್ರಿ ಆಯಿ. ನಮ್ಮಪ್ಪನೂ ಇಲ್ಲೇ ಬಸ್ ನಿಲ್ಲಸ್ತಿದ್ದ. ಅಂವಾ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ."

ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ದಿಟ್ಟಿಸಿದಳು. "ಹುಬ್ಬಳ್ಳಿ ಡ್ರೈವರನ ಮಗಳೇನು ನೀ? ಬಸ್ಸಿನ ಮಂದಿ ಬಾಯಾಗ ನಿನ್ನ ಲಗ್ನದ ಸುದ್ದಿ ಕೇಳಿ, ನಮ್ಮ ಹುಡುಗಗ ನಿನ್ನ ಖರೇನ ಕೇಳಿದ್ನೆವಾ ನಾ! ಸಾಲಿ ಮಾಸ್ತರ ಇದ್ದ ಅಂವಾ. ನಿಮ್ಮಪ್ಪ ಘಾಬರ್ಯಾದ. ಮಗಳನ್ನ ಕೇಳಿ ಹೇಳ್ತೇನಿ ಅಂದಾಂವ, ಆಮ್ಯಾಲಿಂದ ಬಸ್ಸನ್ನ ಮುಂದಿನ ಊರಾಗ ನಿಲ್ಲಸಾಕತ್ತ."

ನನ್ನ ಕೈ ನಿಂತಿತು. ಹಿಂದೆ ಸರಬರ ಸದ್ದಾಯಿತು. ಕಾರ್ಖಾನೆಯ ಗೆಳತಿಯರು ಯಾರೂ ಹೇಳದೆಯೇ ಬಗ್ಗಿ ತಟ್ಟೆ ಆರಿಸುತ್ತ, ಕಿವಿಯನ್ನು ಮಾತ್ರ ನಮ್ಮ ಕಡೆಗಿಟ್ಟಿದ್ದರು.

"ಅಪ್ಪ ಮತ್ತ ಸಿಗಲೇ ಇಲ್ಲೇನ್ರಿ?" ಎಂದು ಕೇಳಿದೆ.

"ಒಮ್ಮಿ ಸಂತ್ಯಾಗ ಹಿಡದು ಕೇಳಿದೆ. ಕಣ್ಣಾಗ ನೀರ ತಂದ. 'ಮನಿತನ ಛಲೋ ಐತಿ, ಹುಡುಗನೂ ಛಲೋ ಅದಾನ. ಆಕಿ ಹ್ವಾದ್ರ ನಾ ಯಾರ ಜೋಡಿ ಜಗಳಾಡ್ಲಿ ಯವ್ವಾ' ಅಂದ."

ಹೊರಡುವಾಗ ನೆಲದಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ನಾನು ಮುಂದಿನ ಸೀಟಿಗೆ ಬಂದು ಕುಳಿತೆ. ಸಿಟ್ಟು ಉಕ್ಕಿ ಬಂತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರೆ ಬಹುಶಃ ಒಲ್ಲೆ ಎಂದೇ ಹೇಳುತ್ತಿದ್ದೆ, ಆದರೆ ಕೇಳಬೇಕಿತ್ತು. ಬೈಯಬೇಕೆಂದರೆ ಎದುರಿಗೆ ಅವನಿಲ್ಲ. ಸ್ಟೇರಿಂಗ್ ಹಿಡಿದು ಕುಳಿತಿದ್ದ ಯಾರೋ ಡ್ರೈವರನ ಹೆಗಲನ್ನೇ ಹುಬ್ಬಳ್ಳಿ ಬರುವವರೆಗೂ ನೋಡುತ್ತ ಕುಳಿತೆ.