ಶುಕ್ರವಾರದ ಪುಟ

ಮಾಷ್ಟ್ರ ಬಲಗಿವಿ ಸದಾ ಬೆಳ್ಳಗಿರುತ್ತಿತ್ತು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಅವರು ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಅರವತ್ತರ ದಶಕದಲ್ಲಿ ತಿರುವನಂತಪುರದ ಕಾಲೇಜಿನಲ್ಲಿ ನಮಗೆ ತತ್ತ್ವಶಾಸ್ತ್ರ ಹೇಳುತ್ತಿದ್ದ ಅವರು ನನ್ನಂತೆಯೇ ಕಾಸರಗೋಡಿನವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ನನ್ನೊಡನೆ ಮಾತ್ರ ಕನ್ನಡ. ಆ ಕನ್ನಡ ನನ್ನೊಬ್ಬನ ಸ್ವತ್ತೆಂದು ಬೀಗುತ್ತಿದ್ದೆ.

ಶುಕ್ರವಾರಕ್ಕೊಂದು ಪುಟ ಬರೆಯಬೇಕಿತ್ತು. ಆ ವಾರ ನಮಗೆ ಆದದ್ದನ್ನು ಆದ ಹಾಗೆಯೇ ಬರೆಯಬೇಕು. ಒಳ್ಳೆಯದು, ಕೆಟ್ಟದ್ದು ಎಂಬ ಮಾತು ಬಂದರೆ ಗೀಟು ಹಾಕುತ್ತಿದ್ದರು. ನನ್ನ ಪುಟದ ತುಂಬ ಗೀಟು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವನು ಕಳಮಶ್ಶೇರಿಯ ಕಾರ್ಖಾನೆ ಕೆಲಸಗಾರನ ಮಗ, ಕನ್ನಡ ಬಾರದ ಮಲಯಾಳಿ. ಅವನ ಪುಟವನ್ನು ಮಾಷ್ಟ್ರು ಎಲ್ಲರೆದುರು ಗಟ್ಟಿಯಾಗಿ ಓದಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಸಂಜೆ ಅವರ ಮನೆಗೆ ಹೋದರೆ, ಜಗಲಿಯಲ್ಲಿ ಕೂರಿಸಿಕೊಂಡು ಅವನಿಗೆ ಕನ್ನಡ ಹೇಳಿಕೊಡುತ್ತಿದ್ದರು. ನನ್ನ ಪಾಲಿಗೆ ಇದ್ದದ್ದು ಅದೊಂದು, ಅದೂ ಹೋಯಿತು.

ಮುಂದಿನ ವಾರ ಅವನಿಗೆ ಜ್ವರ. ತನ್ನ ಪುಟವನ್ನು ಮಾಷ್ಟ್ರಿಗೆ ತಲುಪಿಸೆಂದು ನನ್ನ ಕೈಗೆ ಕೊಟ್ಟ. ನಾನು ಜೇಬಿನಲ್ಲೇ ಇಟ್ಟುಕೊಂಡೆ. ಮಾಷ್ಟ್ರು ಕೇಳಿದಾಗ ಅವನೇನೂ ಕೊಡಲಿಲ್ಲ ಎಂದೆ. ಜ್ವರ ಬಿಟ್ಟು ಬಂದವನನ್ನು ಮಾಷ್ಟ್ರು ವಿಚಾರಿಸಿದರು. ಅವನು ನನ್ನನ್ನೊಮ್ಮೆ ನೋಡಿ, ಬರೆಯಲಾಗಲಿಲ್ಲ ಎಂದುಬಿಟ್ಟ.

ಮಾಷ್ಟ್ರು ನೋಡಿದ್ದು ನನ್ನ ಮುಖವನ್ನು. ತರಗತಿ ಮುಗಿದ ಮೇಲೆ ಕರೆದರು.

“ಅವ ನೋಡಿದಾಗ ನಿಂಗೆ ಎಂತ ಆಯ್ತು? ಅದನ್ನು ಬರಿ. ಹೊಟ್ಟೆಕಿಚ್ಚು ಅಂತ ಬರಿಯುದು ಬೇಡ ಮಾರಾಯ, ಅದು ಹೆಸರು ಮಾತ್ರ.”

ಕಿವಿ ಬಿಸಿಯಾದದ್ದು, ಜೇಬಿನ ಕಾಗದ ಎದೆಗೆ ಚುಚ್ಚಿದ್ದು, ಅವನ ಕಣ್ಣಲ್ಲಿ ನಾನು ಕಳ್ಳನಾಗಿ ಕಂಡದ್ದು, ಎಲ್ಲ ಬರೆದು ಎರಡೂ ಪುಟ ಕೊಟ್ಟೆ. ನನ್ನದರಲ್ಲಿ ಒಂದೂ ಗೀಟು ಬೀಳಲಿಲ್ಲ.

“ಇದು ನೀನು,” ಎಂದರು. “ಒಬ್ಬನೇ ಕೂತ್ರೆ ಇದು ಗೊತ್ತಾಗುದಿಲ್ಲ, ಇನ್ನೊಬ್ಬ ನೋಡ್ಬೇಕು.”

ಆದರೂ ಮರುವಾರ ಓದಿಸಿದ್ದು ಅವನ ಪುಟವನ್ನೇ.

ಎಪ್ಪತ್ತರ ದಶಕದಲ್ಲಿ ನಾನು ಎರ್ನಾಕುಲಂನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿದ್ದೆ. ಒಂದು ಮಧ್ಯಾಹ್ನ ಹಾಸ್ಟೆಲಿನ ಆ ಜೊತೆಗಾರ ಬಂದು ನನ್ನ ಮೇಜಿನೆದುರು ನಿಂತ.

“ಮಾಷ್ಟ್ರು ಹೋದ್ರು ಮಾರಾಯ,” ಎಂದ.

ಕೊನೆಯ ವಾರವೆಲ್ಲ ಅವರ ಪಕ್ಕದಲ್ಲಿದ್ದವನು ಅವನೇ ಎಂದು ತಿಳಿದಾಗ, ಆ ದುಃಖದಲ್ಲೂ ನನ್ನ ಕಿವಿ ಬಿಸಿಯಾಯಿತು. ಅವನ ಬಾಯಲ್ಲಿ ಮಾಷ್ಟ್ರ ಉಚ್ಚಾರವೇ ಇತ್ತು. ಆ ಕಚೇರಿಯಲ್ಲಿ ಆ ಸಾವನ್ನು ನನಗೆ ಕನ್ನಡದಲ್ಲಿ ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಅವನಿಗೆ ಕನ್ನಡ ಕಲಿಸಿದ್ದಕ್ಕೆ ಮಾಷ್ಟ್ರನ್ನು ನಾನು ಕ್ಷಮಿಸಿದ್ದು ಅಂದೇ.